ಮತ್ತಿ ಮರದ ಸೂರ್ಯ ಮತ್ತು ಒಂದು ಬಿಳಿ ಅಣಬೆ

ಅನ್ವಿತಾ, ಸುಹಾಸ, ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳದೆ ಓದಿ. ನಿಮ್ಮ ಅಪ್ಪನ ಸ್ಟುಡಿಯೋದ ಗೋಡೆಯ ಮೇಲೆ ದೊಡ್ಡದೊಂದು ಫೋಟೋ ಇದೆಯಲ್ಲ, ಮತ್ತಿ ಮರದ ಬೊಡ್ಡೆಯ ಪಕ್ಕದಿಂದ ಸೂರ್ಯ ನಕ್ಷತ್ರದ ಹಾಗೆ ಕಿರಣ ಚಾಚಿರುವುದು, ಅದರ ಕಥೆಯನ್ನು ಪಕ್ಕದ ಮನೆಯ ಭಾಗೀರಥಿ ಅತ್ತಿಗೆ ಕಾನಸೂರಿನ ಅರ್ಧ ಜನಕ್ಕೆ ಹೇಳಿ ಮುಗಿಸಿದ್ದಾಳೆ. ಉಳಿದ ಅರ್ಧ ಜನ ತಾವಾಗಿಯೇ ಬಂದು ಕೇಳಿಕೊಂಡು ಹೋಗಿದ್ದಾರೆ. ಅವಳ ಕಥೆಯಲ್ಲಿ ನಾನು ಗುಡ್ಡದ ಮೇಲಿಂದ ಉರುಳಿ ಬೀಳುತ್ತೇನೆ. ನಾನು ಉರುಳಲಿಲ್ಲ. ಆದದ್ದು ಅದಕ್ಕಿಂತ ಮರ್ಯಾದೆಗೇಡಿನದು.

ಅದೆಲ್ಲ ಬಯಲಾದಾಗ ನಿಮ್ಮಿಬ್ಬರಿಗೂ ಕೆಪ್ಪಟರಾಯ ಬಂದು, ಕೆನ್ನೆ ಊದಿಸಿಕೊಂಡು ಯಲ್ಲಾಪುರದಲ್ಲಿ ನಿಮ್ಮ ಅಪ್ಪನ ಅಮ್ಮನ ಮನೆಯಲ್ಲಿ ಮಲಗಿದ್ದಿರಿ. ಬಾಯಲ್ಲಿ ಹೇಳೋಣವೆಂದರೆ ನನಗೆ ಅರ್ಧಕ್ಕೇ ನಾಚಿಕೆಯಾಗಿ ನಿಂತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ನಾಚಿಕೆ ಇವತ್ತಿನದಲ್ಲ. ಏಳನೇ ಇಯತ್ತೆಯಲ್ಲಿ ಶಾಲೆಗೆ ಫೋಟೋದವರು ಬಂದಾಗ ನಾನು ಸಾಲಿನ ಕೊನೆಯಲ್ಲಿ ನಿಂತೆ. ಇನ್ನೂ ಸ್ವಲ್ಪ ಒಳಗೆ ಬಾ ಎಂದರು. ನಾನು ಇನ್ನೂ ಸ್ವಲ್ಪ ಹೊರಗೆ ಹೋದೆ. ಫೋಟೋ ಬಂದಾಗ ಅದರ ಅಂಚಿನಲ್ಲಿ ನನ್ನ ಮೊಣಕೈ ಮಾತ್ರ ಇತ್ತು. ನನ್ನ ವಿದ್ಯಾಭ್ಯಾಸ ಮುಗಿದದ್ದಕ್ಕೆ ಇರುವ ಆಧಾರ ಆ ಮೊಣಕೈ ಒಂದೇ.

ಈಗ ಲೆನ್ಸಿನ ವಿಷಯ. ನಿಮ್ಮ ಅಪ್ಪ, ನನ್ನ ಅಳಿಯ ರಾಘು, ಮದುವೆಮನೆಗಳಿಗಾಗಿ ಒಂದು ಲೆನ್ಸು ತಂದಿದ್ದ. ಎದುರಿಗೆ ನಾವು ಒಂದು ಕಿಟಕಿಯಷ್ಟು ಜಾಗ ನೋಡಿದರೆ ಅದು ಇಡೀ ಅಂಗಳವನ್ನು ನೋಡುತ್ತದೆ. ಇಕ್ಕಟ್ಟಾದ ಜಗಲಿಯಲ್ಲೂ ಊಟದ ಪಂಕ್ತಿಯನ್ನು ಆ ತುದಿಯಿಂದ ಈ ತುದಿಯವರೆಗೆ ಒಂದೇ ಫೋಟೋದಲ್ಲಿ ಹಿಡಿಯುತ್ತದೆ. ಒಂದೇ ತೊಂದರೆ. ನಡುವೆ ಇದ್ದವರು ಇದ್ದ ಹಾಗೇ ಇರುತ್ತಾರೆ, ಅಂಚಿನಲ್ಲಿದ್ದವರು ಹಿಗ್ಗಿಹೋಗುತ್ತಾರೆ. ಹಾಗೆ ಅಂಚಿನಲ್ಲಿ ಕೂತಿದ್ದ ಮದುಮಗಳ ಸೋದರತ್ತೆಯೊಬ್ಬಳು ಫೋಟೋದಲ್ಲಿ ಎರಡು ಎಲೆಯ ಜಾಗ ಹಿಡಿದುಬಿಟ್ಟಳು. ಅವರು ಆಲ್ಬಮ್ಮನ್ನೇ ವಾಪಸು ಕಳಿಸಿದರು. ಅಂದಿನಿಂದ ಲೆನ್ಸು ಕಪಾಟು ಸೇರಿತ್ತು.

ಕಪಾಟು ಒರೆಸುವಾಗ ಅದು ನನ್ನ ಕೈಗೆ ಸಿಕ್ಕಿತು. ರಾಘು ಅದನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ತೋರಿಸಿದ. ಹಿಂಬದಿಯ ಪುಟ್ಟ ಪರದೆಯಲ್ಲಿ ನಮ್ಮ ಹಿತ್ತಿಲು, ಬಾವಿಕಟ್ಟೆ, ಬೇಲಿ, ಬೇಲಿಯಾಚೆಯ ಗುಡ್ಡ, ಗುಡ್ಡದ ಮೇಲಿನ ಆಕಾಶ ಎಲ್ಲವೂ ಒಟ್ಟಿಗೇ ಇದ್ದವು. ಯಾರಿಗೂ ಒಳಗೆ ಬಾ ಎಂದು ಹೇಳಬೇಕಾಗಿರಲಿಲ್ಲ. ತುದಿಯಲ್ಲಿ ನಿಂತವರೂ ಇದರಲ್ಲಿ ಪೂರ್ತಿ ಬರುತ್ತಿದ್ದರು. ಮೇಲಾಗಿ ಕ್ಯಾಮೆರಾ ಹಿಡಿದವಳನ್ನು ಯಾರೂ ನೋಡುವುದಿಲ್ಲ. ನನ್ನಂಥವಳಿಗೆ ಇನ್ನೇನು ಬೇಕು?

ಬೇಕಾದದ್ದು ನಿಮ್ಮ ಅಮ್ಮನ ಒಪ್ಪಿಗೆ. ಅಷ್ಟರಲ್ಲಿ ಗೀತಾ ಆ ಲೆನ್ಸನ್ನು ಹಾನಗಲ್ ಕಡೆಯ ಸ್ಟುಡಿಯೋದವರೊಬ್ಬರಿಗೆ ಕೊಡುವುದೆಂದು ಮಾತಾಡಿ ಮುಗಿಸಿದ್ದಳು.

"ಅತ್ತೆ ಅದ್ರಲ್ಲಿ ಚಲೋ ಫೋಟೋ ತೆಗಿತ್ತು, ಇಟ್ಕಂಬನ," ಎಂದ ರಾಘು.

"ಎಂತ ಚಲೋ? ನಿನ್ನೆ ತೆಗೆದ ಫೋಟೋದಲ್ಲಿ ಎಮ್ಮೆ ಮೂತಿ ಒಂದೇ ಇದ್ದು."

"ಹತ್ರ ಹೋದ್ರೆ ಹಾಂಗೇಯ. ದೀಪಾವಳಿ ಆದ್ಮೇಲೆ ಶಿರಸಿಯಲ್ಲಿ ಹವ್ಯಾಸಿಗಳ ಫೋಟೋ ಪ್ರದರ್ಶನ ಇದ್ದು. ಅದಕ್ಕೆ ಕಳ್ಸನ."

ಗೀತಾ ನನ್ನ ಮುಖ ನೋಡಿದಳು. "ಆಯಿಗೆ ಬಹುಮಾನ ಬಂದ್ರೆ ಲೆನ್ಸು ಇರ್ಲಿ. ಇಲ್ದಿದ್ರೆ ಹಾನಗಲ್ಲವರು ಆವತ್ತೇ ಶಿರಸಿಗೆ ಬಂದು ತಗಂಡು ಹೋಗ್ತ."

ಹೀಗೆ ನನ್ನ ಲೆನ್ಸಿನ ಭವಿಷ್ಯ ಅಡುಗೆಮನೆಯ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ನಾನು ಧೈರ್ಯವಾಗಿಯೇ ಇದ್ದೆ. ಬೆಳಗಿನ ಸೂರ್ಯನ ಫೋಟೋ ತೆಗೆಯುವುದೆಂದು ನಿಶ್ಚಯಿಸಿದೆ. ಸೂರ್ಯ ದಿನಾ ತಾನಾಗಿಯೇ ಬರುತ್ತಾನೆ, ಅಲುಗಾಡುವುದಿಲ್ಲ, ಆಲ್ಬಮ್ ವಾಪಸು ಕಳಿಸುವುದಿಲ್ಲ. ಇದಕ್ಕಿಂತ ಸುಲಭವಾದದ್ದು ಇನ್ನೇನಿದೆ ಅಂದುಕೊಂಡೆ.

ನಿಮ್ಮ ಅಜ್ಜನ ಹತ್ತಿರ ಒಂದು ಡಬ್ಬಿ ಕ್ಯಾಮೆರಾ ಇತ್ತು. ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲಬೇಕು ಎಂಬುದು ಅವರ ಒಂದೇ ಶಾಸ್ತ್ರ. ಹಾಗಾಗಿ ಅವರು ತೆಗೆದ ಫೋಟೋಗಳಲ್ಲೆಲ್ಲ ನಮ್ಮ ಕಾಲ ಬುಡದಲ್ಲಿ ಅವರ ನೆರಳು ಇರುತ್ತಿತ್ತು. ನಾನೂ ಅದೇ ಶಾಸ್ತ್ರ ಹಿಡಿದೆ. ಫೋಟೋದಲ್ಲಿ ಸೂರ್ಯ ಇರಲಿಲ್ಲ. ಗುಡ್ಡದ ಉದ್ದಕ್ಕೂ ನನ್ನ ನೆರಳು ಮಲಗಿತ್ತು, ತುರುಬಿನ ಸಮೇತ.

"ಅತ್ತೆ, ಸೂರ್ಯನ ಫೋಟೋ ಬೇಕಾದ್ರೆ ಸೂರ್ಯನ ಬದಿಗೆ ತಿರುಗವು," ಎಂದ ರಾಘು, ತುಂಬಾ ಗೌರವದಿಂದ.

ಎರಡನೆಯ ದಿನ ತಿರುಗಿದೆ. ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಚೊಕ್ಕವಾಗಿರಲಿ ಎಂದು ಒರೆಸಿದೆ. ಫೋಟೋ ನೋಡಿದರೆ ಗುಡ್ಡ, ಮರ, ಸೂರ್ಯ ಎಲ್ಲವೂ ಮಜ್ಜಿಗೆಯಲ್ಲಿ ಮುಳುಗಿದ್ದವು.

"ಲೆನ್ಸಿಗೆ ಎಂತ ಮಾಡಿದ್ರಿ ಅತ್ತೆ?"

"ಒರೆಸಿದ್ದೆ."

"ಯಾವುದ್ರಲ್ಲಿ?"

"ಸೆರಗಲ್ಲಿ."

ರಾಘು ನನ್ನ ಸೆರಗಿನ ತುದಿಯನ್ನು ನೋಡಿದ. ಅದೇ ಸೆರಗಿನಲ್ಲಿ ನಾನು ದೋಸೆ ಕಾವಲಿ ಇಳಿಸಿದ್ದೆ, ತಲೆಗೆ ಎಣ್ಣೆ ಹಚ್ಚಿದ ಕೈ ಒರೆಸಿದ್ದೆ. ಅವನು ಒಂದು ಮೆತ್ತನೆಯ ಬಟ್ಟೆಯನ್ನು ತಂದು ಕೈಗೆ ಕೊಟ್ಟ. ಅಳಿಯಂದಿರು ಬೈಯುವುದು ಹೀಗೆ.

ಆಮೇಲೆ ಪಾಠ ಹೇಳಿಕೊಟ್ಟ. ಸೂರ್ಯನನ್ನು ಪೂರ್ತಿ ತೋರಿಸಬಾರದು, ಮರದ ಹಿಂದೆ ಮುಕ್ಕಾಲು ಹುಗಿಸಿ ಅಂಚು ಮಾತ್ರ ಬಿಡಬೇಕು. ಲೆನ್ಸಿನ ಒಳಗಿನ ಕಿಂಡಿಯನ್ನು ಸಣ್ಣದು ಮಾಡಬೇಕು, ಆಗ ಬೆಳಕು ಕಿರಣಗಳಾಗಿ ಒಡೆದು ನಕ್ಷತ್ರವಾಗುತ್ತದೆ. ಕಿಂಡಿ ಸಣ್ಣದಾಗಬೇಕಾದರೆ ಸಂಖ್ಯೆ ದೊಡ್ಡದು ಮಾಡಬೇಕು. ನಮ್ಮ ಶಾಲೆಯಲ್ಲಿ ಹೀಗೆ ಕಲಿಸಿರಲಿಲ್ಲ. ಆದರೂ ಒಪ್ಪಿಕೊಂಡೆ.

ಮೂರನೆಯ ಪ್ರಯತ್ನದಲ್ಲಿ ನಕ್ಷತ್ರ ಬಂತು. ಅದರ ಜೊತೆಗೆ ಯಾರೂ ಕರೆಯದ ಹಸಿರು, ಕೆಂಪು ಉಂಡೆಗಳೂ ಬಂದವು. ಸೂರ್ಯನಿಂದ ಹೊರಟು ಫೋಟೋದ ಅಡ್ಡಕ್ಕೆ ಸಾಲಾಗಿ ಇಳಿದು, ಕೊನೆಯ ಉಂಡೆ ಭಾಗೀರಥಿ ಅತ್ತಿಗೆಯ ಮನೆ ಮಾಡಿನ ಮೇಲೆ ಕೂತಿತ್ತು. ಫೋಟೋ ನೋಡುತ್ತಿದ್ದ ಅತ್ತಿಗೆ ಎಲೆಯಡಿಕೆಯ ಕವಳ ಜಗಿಯುವುದನ್ನು ನಿಲ್ಲಿಸಿದಳು. ಅವಳು ಕವಳ ನಿಲ್ಲಿಸಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

"ಸುಶೀಲಾ, ಇದು ಬರೀ ಬೆಳಕು ಅಲ್ದೇ. ಎಂಗಳ ಮನೆಗೆ ಎಂತೋ ಒಳ್ಳೇದು ಬಪ್ಪದಿದ್ದು."

"ಗಾಜಿನ ಒಳಗೆ ಬೆಳಕು ಹೊಡೆದು ಹಾಂಗೆ ಆಗ್ತಡ ಅತ್ಗೆ. ರಾಘು ಹೇಳಿದ್ದ."

"ರಾಘುಗೆ ಎಂತ ಗೊತ್ತಿದ್ದು? ಅಂವ ಮದುವೆ ಫೋಟೋ ತೆಗೆವಂವ."

ಸಂಜೆಯೊಳಗೆ ಅವಳ ಮನೆಯಲ್ಲಿ ತುಪ್ಪದ ದೀಪ ಉರಿಯಿತು, ಕೇರಿಗೆಲ್ಲ ಪಂಚಕಜ್ಜಾಯ ಹಂಚಿಕೆಯಾಯಿತು. ನಾನೂ ಎರಡು ಸಲ ಕೈಯೊಡ್ಡಿದೆ. ಮರುದಿನ ಕ್ಯಾಮೆರಾವನ್ನು ಒಂದಿಷ್ಟು ಓರೆ ಹಿಡಿದು ತೆಗೆದ ಫೋಟೋದಲ್ಲಿ ಅದೇ ಕೊನೆಯ ಉಂಡೆ ನಮ್ಮ ಗೊಬ್ಬರಗುಂಡಿಯ ಮೇಲೆ ಕೂತಿತ್ತು. ಅತ್ತಿಗೆಗೆ ತೋರಿಸಿದೆ. ತೋರಿಸಬಾರದಿತ್ತು.

ಅವಳನ್ನು ಸಮಾಧಾನ ಮಾಡಲು ಅವಳದೊಂದು ಫೋಟೋ ತೆಗೆದೆ. ಹಿಂದೆ ಗುಡ್ಡ, ಮೇಲೆ ಸೂರ್ಯ, ಅಂಚಿನಲ್ಲಿ ಅತ್ತಿಗೆ. ಅಂಚಿನಲ್ಲಿ ಎಂದಾಗಲೇ ನಿಮಗೆ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ.

"ಎಂತದೇ ಇದು ಎನ್ನ ತೋಳು? ಚೀನಿಕಾಯಿ ಕಟ್ಟಿಟ್ಟಾಂಗೆ ಕಾಣ್ತು. ಇನ್ನು ಈ ಜನ್ಮದಲ್ಲಿ ಆನು ನಿನ್ನ ಕ್ಯಾಮೆರಾ ಎದುರು ಬತ್ನಿಲ್ಲೆ."

ಆದರೂ ಗುಡ್ಡಕ್ಕೆ ಜೊತೆಗೆ ಬಂದಳು. ನನ್ನೊಬ್ಬಳನ್ನೇ ಕಳಿಸಿದರೆ ಆಮೇಲೆ ಹೇಳಲು ಕಥೆ ಇರುವುದಿಲ್ಲವಲ್ಲ. ಅದು ನವರಾತ್ರಿಯ ಕಾಲ. ಮಳೆ ಹೋಗಿತ್ತು, ಹುಲ್ಲು ಎದೆಯುದ್ದ ಬೆಳೆದಿತ್ತು, ಹುಲ್ಲಿನಲ್ಲಿ ರಕ್ತ ಹೀರುವ ಉಂಬಳ ಇನ್ನೂ ಇದ್ದವು. ಉಂಬಳಕ್ಕೆ ನಮ್ಮ ಕಡೆ ಔಷಧ ಒಂದೇ, ಸುಣ್ಣ ಮತ್ತು ಹೊಗೆಸೊಪ್ಪು. ಅತ್ತಿಗೆ ತನ್ನ ಕವಳದ ಸಂಚಿ ಬಿಚ್ಚಿ ಇದ್ದಬದ್ದ ಸುಣ್ಣವನ್ನೆಲ್ಲ ನನ್ನ ಪಾದಕ್ಕೆ ಮೆತ್ತಿದಳು. ಹೆಬ್ಬೆರಳ ಹತ್ತಿರ ಬಂದಾಗ ಚೀನಿಕುಂಬಳವಾಗಿದ್ದ ತನ್ನ ತೋಳಿನ ನೆನಪಾಗಿರಬೇಕು. ಗೋಡೆಗೆ ಬಳಿದ ಹಾಗೆ ಬಳಿದಳು.

ಗುಡ್ಡದ ನೆತ್ತಿಯಲ್ಲಿ ಒಂಟಿ ಮತ್ತಿ ಮರ, ಸುತ್ತ ದನ ಮೇದು ಬಿಟ್ಟ ಗಿಡ್ಡ ಹುಲ್ಲು. ಕೆಳಗೆ ಕಣಿವೆ ತುಂಬ ಬಿಳಿ ಮಂಜು. ಈ ಲೆನ್ಸಿಗೆ ದೂರದ್ದೆಲ್ಲ ಸಣ್ಣ, ಹತ್ತಿರದ್ದು ದೊಡ್ಡ. ಹಾಗಾಗಿ ಎದುರಿಗೆ ಏನಾದರೂ ಚೆಂದದ್ದು ಇರಬೇಕು, ಕ್ಯಾಮೆರಾ ನೆಲದ ಹತ್ತಿರ ಇರಬೇಕು ಎಂದು ರಾಘು ಹೇಳಿದ್ದ. ಗೋಣಿಚೀಲ ಹಾಸಿ ನೆಲಕ್ಕೆ ಕೂತೆ. ನನ್ನ ಎಡಮೊಣಕಾಲು ಮಡಚುವುದಿಲ್ಲವೆಂಬುದು ನಿಮಗೆ ಗೊತ್ತು. ಆ ಕಾಲನ್ನು ಮುಂದಕ್ಕೆ ನೀಡಿಕೊಂಡೆ.

"ಅತ್ಗೆ, ನೀ ಎಲ್ಲಿದ್ದೆ? ಬಲಗಡೆ ನಿನ್ನ ಸೀರೆ ಕಾಣ್ತು."

"ಇಷ್ಟು ದೂರ ನಿಂತ್ರೂ ಕಾಣ್ತನೆ?"

"ಇನ್ನೂ ಹಿಂದೆ ಹೋಗು."

"ಹಿಂದೆ ಮುಳ್ಳಿದ್ದು ಮಾರಾಯ್ತಿ."

"ಹಂಗಾರೆ ಎನ್ನ ಬೆನ್ನ ಹಿಂದೆ ಬಂದು ಕೂತ್ಗ."

ಅವಳು ಬಂದು ಕೂತಳು. ನಾನು ಹುಷಾರಾಗಿ ಪರದೆಯ ನಾಲ್ಕೂ ಅಂಚು ನೋಡಿದೆ. ಸೀರೆ ಇಲ್ಲ, ಸಂಚಿ ಇಲ್ಲ, ಗೋಣಿ ಇಲ್ಲ. ನೆರಳು ಹಿಂದಕ್ಕೆ ಬಿದ್ದಿದೆ, ಅದೂ ಇಲ್ಲ. ಈ ಜಗತ್ತಿನಲ್ಲಿ ಸುಶೀಲಾ ಎಂಬವಳು ಇದ್ದ ಗುರುತೇ ಇಲ್ಲ. ತುಂಬಾ ಹಿತವೆನಿಸಿತು. ಸೂರ್ಯ ಮರದ ಬೊಡ್ಡೆಯಿಂದ ಒಂದು ಚೂರು ಇಣುಕಿದ. ಒತ್ತಿದೆ.

ಮನೆಗೆ ಬಂದು ಪುಟ್ಟ ಪರದೆಯಲ್ಲೇ ರಾಘುವಿಗೆ ತೋರಿಸಿದೆ. ನಕ್ಷತ್ರ ಚೂಪಾಗಿ ಬಂದಿತ್ತು. ಉಂಡೆಗಳು ಇರಲಿಲ್ಲ. ಎಡಗಡೆ ಕೆಳಗೆ, ಇಬ್ಬನಿಯ ಹುಲ್ಲಿನ ನಡುವಿನಿಂದ ಬೆಳ್ಳಗೆ ಒಂದು ಅಣಬೆ ತಲೆಯೆತ್ತಿತ್ತು.

"ಅಣಬೆ ಎಷ್ಟು ಚಲೋ ಬಂಜು ಅತ್ತೆ. ಇದ್ನ ಹುಡುಕಿ ಅದ್ರ ಎದುರೇ ಕೂತ್ರಾ?"

ಅಲ್ಲಿ ಅಣಬೆ ಇದ್ದದ್ದನ್ನು ನಾನು ನೋಡಿರಲೇ ಇಲ್ಲ. ಆದರೆ ಹೌದೆಂದೂ ಅನ್ನದೆ ಅಲ್ಲವೆಂದೂ ಅನ್ನದೆ ಸುಮ್ಮನೆ ನಕ್ಕೆ. ದೊಡ್ಡ ಕಲಾವಿದರು ಹೀಗೆಯೇ ನಗುತ್ತಾರೆಂದು ನನ್ನ ಭಾವನೆಯಾಗಿತ್ತು.

ಫೋಟೋ ಆಯ್ಕೆಯಾಯಿತು. ಪ್ರದರ್ಶನದ ದಿನ ಬೆಳಿಗ್ಗೆ ನಾನು, ಗೀತಾ, ರಾಘು, ಅತ್ತಿಗೆ ಶಿರಸಿಗೆ ಹೋದೆವು. ಹಾನಗಲ್ಲಿನ ಸ್ಟುಡಿಯೋದವರೂ ಬಂದಿದ್ದರು. ದಪ್ಪ ಮೀಸೆಯ, ಒಳ್ಳೆಯ ಮನುಷ್ಯ. ಆದರೆ ಲೆನ್ಸು ಹಾಕಿಕೊಂಡು ಹೋಗಲು ಚೀಲ ತಂದಿದ್ದರಿಂದ ನನಗೆ ಅವರ ಮೇಲೆ ಮನಸ್ಸು ಬರಲಿಲ್ಲ. ಸಭಾಂಗಣದ ನಡುಗೋಡೆಯ ಮೇಲೆ ನನ್ನ ಫೋಟೋ ಬಾಗಿಲಿನಷ್ಟು ದೊಡ್ಡದಾಗಿ ನಿಂತಿತ್ತು. ನಿಸರ್ಗ ವಿಭಾಗದಲ್ಲಿ ಮೊದಲ ಬಹುಮಾನ ಎಂದು ಚೀಟಿ ಬೇರೆ ಅಂಟಿಸಿದ್ದರು. ಗೀತಾ ನನ್ನ ಕೈ ಹಿಡಿದಳು. ಲೆನ್ಸು ಉಳಿಯಿತು ಅಂದುಕೊಂಡೆ.

ಫೋಟೋದ ಎದುರು ಯಲ್ಲಾಪುರದ ನಿವೃತ್ತ ವಿಜ್ಞಾನದ ಮಾಸ್ತರರೊಬ್ಬರು ಬಗ್ಗಿ ನಿಂತಿದ್ದರು. ಕಾಡಿನ ಅಣಬೆಗಳನ್ನು ಹುಡುಕಿಕೊಂಡು ತಿರುಗುವುದೇ ಅವರಿಗೆ ಹುಚ್ಚು.

"ಇದನ್ನು ತೆಗೆದವರು ನೀವೇ ಏನಮ್ಮ?"

ನಾನು ತಲೆಯಾಡಿಸಿದೆ.

"ಸೂರ್ಯ ಇರಲಿ, ಈ ಅಣಬೆ ಎಲ್ಲಿ ಸಿಕ್ಕಿತು? ಇಂಥದ್ದನ್ನು ನಾನು ಈ ಕಡೆ ಎಲ್ಲೂ ನೋಡಿಲ್ಲ. ತೊಟ್ಟು ಎಷ್ಟು ದಪ್ಪ ನೋಡಿ. ನಾಳೆಯೇ ಆ ಗುಡ್ಡ ಹತ್ತಬೇಕು. ಶಾಲೆಯ ಮಕ್ಕಳನ್ನೂ ಕರಕೊಂಡು ಬರುತ್ತೇನೆ."

ನಾನೂ ಅಭಿಮಾನದಿಂದ ಬಗ್ಗಿ ನೋಡಿದೆ. ಅಷ್ಟು ದೊಡ್ಡದಾಗಿ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು.

ಅಣಬೆಗೆ ಉಗುರಿತ್ತು.

ಉಗುರಿನ ಪಕ್ಕದಲ್ಲಿ ಓರೆಯಾದ ಒಂದು ಗಾಯದ ಗೆರೆಯೂ ಇತ್ತು. ಆ ಗೆರೆಯ ಪರಿಚಯ ನನಗೆ ಚೆನ್ನಾಗಿಯೇ ಇದೆ. ಹಲಸಿನಕಾಯಿ ಕೊಚ್ಚುವಾಗ ಕತ್ತಿ ಜಾರಿ ಆದದ್ದು. ನನ್ನ ಎಡಗಾಲು ಚಪ್ಪಲಿಯ ಒಳಗೇ ಮುದುಡಿಕೊಂಡಿತು.

ಅತ್ತಿಗೆಯ ಕಿವಿಯಲ್ಲಿ ಹೇಳಿದೆ. ಅವಳು ಫೋಟೋ ನೋಡಿದಳು, ನನ್ನ ಕಾಲು ನೋಡಿದಳು, ಮತ್ತೆ ಫೋಟೋ ನೋಡಿದಳು.

"ಎನ್ನ ಸುಣ್ಣ," ಎಂದಳು, ಕಳೆದುಹೋದ ವಸ್ತು ಸಿಕ್ಕಿದವಳ ಹಾಗೆ.

"ಈಗ ಎಂತ ಮಾಡಕ್ಕು ಅತ್ಗೆ?"

"ಸುಮ್ಮಂಗಿರು. ಲೆನ್ಸು ಬೇಕ ಬೇಡ್ದ ನಿಂಗೆ? ನಾಳೆ ಅವು ಗುಡ್ಡಕ್ಕೆ ಬಂದ್ರೆ, ಅಣಬೆ ದನ ತಿಂದ್ಕಂಡು ಹೋತು ಹೇಳನ."

ಒಪ್ಪಿಕೊಳ್ಳುವ ಹಾಗೇ ಇತ್ತು. ಆದರೆ ಮಾಸ್ತರರು ಅಷ್ಟರಲ್ಲಿ ಯಾರಿಗೋ ಫೋನು ಮಾಡಿ ಜೀಪು ಗೊತ್ತು ಮಾಡುತ್ತಿದ್ದರು. ಅವರ ಒಂದು ಕೈಯಲ್ಲಿ ಊರುಗೋಲು. ಉಂಬಳದ ಹುಲ್ಲಿನಲ್ಲಿ ಆ ಊರುಗೋಲು, ಹಿಂದೆ ಸಾಲಾಗಿ ಮಕ್ಕಳು, ಎಲ್ಲರೂ ನನ್ನ ಹೆಬ್ಬೆರಳನ್ನು ಹುಡುಕುತ್ತಾ ಹೋಗುವುದು ಕಣ್ಣಿಗೆ ಕಟ್ಟಿತು. ಆ ಮಕ್ಕಳ ಸಾಲಿನಲ್ಲಿ ನೀವಿಬ್ಬರೂ ಇದ್ದ ಹಾಗೆ ಕಂಡಿತು, ಊದಿದ ಕೆನ್ನೆಯ ಸಮೇತ.

ಅಷ್ಟರಲ್ಲಿ ವೇದಿಕೆಯಿಂದ ನನ್ನ ಹೆಸರು ಕರೆದರು. ಎರಡು ಮಾತಾಡಬೇಕಂತೆ. ನಾನು ಹುಟ್ಟಿದ ಮೇಲೆ ಮೈಕಿನ ಎದುರು ನಿಂತವಳಲ್ಲ. ನಿಂತೆ. ಮೈಕು ನನ್ನ ಉಸಿರನ್ನು ಸಭಾಂಗಣಕ್ಕೆಲ್ಲ ಕೇಳಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಅತ್ತಿಗೆ ಕೈಯಿಂದ ದನದ ಕೊಂಬು ಮಾಡಿ ತೋರಿಸುತ್ತಿದ್ದಳು. ನಾನು ಫೋಟೋದ ಕಡೆ ಕೈ ತೋರಿಸಿ ಹೇಳಿದೆ:

"ಅದು ಅಣಬೆ ಅಲ್ಲ. ಅದು ನಾನು."

ಯಾರಿಗೂ ಅರ್ಥವಾಗಲಿಲ್ಲ. ಮೈಕಿನವರು ಇನ್ನೊಮ್ಮೆ ಹೇಳಿ ಅಂದರು. ಇನ್ನೊಮ್ಮೆ ಹೇಳುವಷ್ಟು ಧೈರ್ಯ ನನ್ನಲ್ಲಿರಲಿಲ್ಲ. ಚಪ್ಪಲಿ ಬಿಟ್ಟು ಎಡಗಾಲನ್ನು ಸ್ವಲ್ಪ ಮುಂದೆ ಇಟ್ಟೆ. ಮಾಸ್ತರರು ಎದ್ದು ಬಂದರು. ಕನ್ನಡಕ ಸರಿಮಾಡಿಕೊಂಡು ನನ್ನ ಹೆಬ್ಬೆರಳನ್ನೂ ಫೋಟೋವನ್ನೂ ಹೋಲಿಸಿ ನೋಡಿದರು. ಇಡೀ ಸಭೆ ಕಾಯಿತು.

"ಹೌದು," ಎಂದರು. "ಸಾಂಬಾರಿಗೆ ಬರುವ ಜಾತಿ ಅಲ್ಲ."

ಆಮೇಲೆ ಆದ ನಗುವನ್ನು ನಾನು ವರ್ಣಿಸುವುದಿಲ್ಲ. ಅತ್ತಿಗೆ ಎದ್ದು ನಿಂತು, ಸುಣ್ಣ ತನ್ನದೆಂದು ಅಕ್ಕಪಕ್ಕದವರಿಗೆ ತಿಳಿಸುತ್ತಿದ್ದಳು.

ತೀರ್ಪುಗಾರರು ಮಾತ್ರ ನಗದೆ ಒಂದು ಮೂಲೆಗೆ ಹೋಗಿ ಗಂಭೀರವಾಗಿ ಚರ್ಚಿಸಿದರು. ನಿಸರ್ಗ ವಿಭಾಗದ ಫೋಟೋಗಳಲ್ಲಿ ಮನುಷ್ಯರು ಇರಬಾರದೆಂಬುದು ನಿಯಮ. ಒಂದು ಹೆಬ್ಬೆರಳನ್ನು ಮನುಷ್ಯರೆಂದು ಪರಿಗಣಿಸತಕ್ಕದ್ದೋ ಇಲ್ಲವೋ ಎಂಬುದು ಪ್ರಶ್ನೆ. ಉಗುರು ಇರುವುದರಿಂದ ಪರಿಗಣಿಸತಕ್ಕದ್ದು ಎಂದು ಒಬ್ಬರು. ಉಳಿದ ದೇಹ ಹೊರಗಿದ್ದ ಕಾರಣ ಪರಿಗಣಿಸತಕ್ಕದ್ದಲ್ಲ ಎಂದು ಇನ್ನೊಬ್ಬರು. ಕೊನೆಗೆ ನಾನು ಮನುಷ್ಯಳೆಂದು ತೀರ್ಮಾನವಾಯಿತು. ಚೀಟಿ ಕಿತ್ತರು. ಬಹುಮಾನ ಪಕ್ಕದ ಜಲಪಾತಕ್ಕೆ ಹೋಯಿತು.

ಗೀತಾ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು, ಆದರೆ ಆಡಿದ ಮಾತು ಮಾತೇ. ರಾಘು ಚೀಲದಿಂದ ಲೆನ್ಸು ತೆಗೆದ. ನಾನು ಅದನ್ನು ಒಂದು ಸಲ ಕೈಯಲ್ಲಿ ಹಿಡಿದೆ. ಒರೆಸೋಣ ಎಂದು ಸೆರಗಿಗೆ ಕೈ ಹೋಯಿತು. ತಡೆದುಕೊಂಡೆ. ಹಾನಗಲ್ಲಿನವರ ಕಡೆ ಚಾಚಿದೆ.

ಅವರು ಕೈ ಹಿಂದಕ್ಕೆ ಕಟ್ಟಿಕೊಂಡು ಬಾಗಿಲಿನಷ್ಟು ದೊಡ್ಡ ಫೋಟೋವನ್ನು ನೋಡುತ್ತಿದ್ದರು. ಆಮೇಲೆ ಕೆಳಗೆ ನನ್ನ ಕಾಲನ್ನು ನೋಡಿದರು.

"ಅಲ್ರೀ ಅಮ್ಮಾರ, ಇಷ್ಟು ಸಣ್ಣ ಕಾಲಬಟ್ಟು ಅಷ್ಟು ದೊಡ್ಡದಾಗೇತಿ?"

"ಹೌದು," ಎಂದೆ.

"ಬ್ಯಾಡ್ರೀ. ನಮ್ಮ ಕಡೆ ಬೀಗ್ತ್ಯಾರು ಅದಾರಲ್ರಿ, ಅವರನ್ನ ಹಿಂಗ ತೋರಿಸಿದ್ರ ನನ್ನ ಮಂಟಪದಾಗ ಕೆಡವಿ ಬಡಿತಾರ. ನೀವ ಇಟ್ಕೊರ್ರಿ." ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಎಷ್ಟು ಒಳ್ಳೆಯ ಮನುಷ್ಯ ಎಂದು ನನಗೆ ಆಗ ಪೂರ್ತಿ ಅರ್ಥವಾಯಿತು.

ಹೀಗೆ ನನ್ನ ಕಲೆಯಿಂದ ಉಳಿಯದ ಲೆನ್ಸು ನನ್ನ ಹೆಬ್ಬೆರಳಿನಿಂದ ಉಳಿಯಿತು. ಫೋಟೋವನ್ನು ರಾಘು ಸ್ಟುಡಿಯೋದಲ್ಲಿ ತೂಗುಹಾಕಿದ. ಆ ಮೂಲೆಯನ್ನು ಕತ್ತರಿಸಿಬಿಡು ಎಂದು ನಾನು ಬೇಡಿಕೊಂಡೆ. "ಅದಿದ್ರೇ ಫೋಟೋ," ಎಂದುಬಿಟ್ಟ. ಈಗಲೂ ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಅದರ ಎದುರು ನಿಂತು, ಅಣಬೆ ಬಹಳ ಚೆಂದ ಇದೆ ಅನ್ನುತ್ತಾರೆ. ನಾನು ಅಲ್ಲೇ ಇದ್ದರೆ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಳ್ಳುತ್ತೇನೆ.

ಅನ್ವಿತಾ, ಸುಹಾಸ, ಹಳೆಯ ಆಲ್ಬಮ್ ತೆಗೆದರೆ ನಿಮ್ಮ ಅಜ್ಜ ಎಲ್ಲ ಫೋಟೋಗಳಲ್ಲೂ ನೆರಳಾಗಿ ಸಿಗುತ್ತಾರೆ. ಅವರ ಮುಖ ಯಾವುದರಲ್ಲೂ ಸರಿಯಾಗಿಲ್ಲ. ನಾನು ಅವರಿಗಿಂತ ವಾಸಿ. ಶಾಲೆಯ ಫೋಟೋದಲ್ಲಿ ಮೊಣಕೈ, ಈ ಫೋಟೋದಲ್ಲಿ ಹೆಬ್ಬೆರಳು. ಮುಂದೆ ನಿಮ್ಮ ಮಕ್ಕಳು ನಿಮ್ಮ ಅಮ್ಮಮ್ಮ ಹೇಗಿದ್ದಳು ಎಂದು ಕೇಳಿದರೆ ಇವೆರಡನ್ನು ಜೋಡಿಸಿ ತೋರಿಸುವುದು ಕಷ್ಟ. ನಡುವಿನದ್ದು ಇಷ್ಟೇ, ಈ ಹಾಳೆಗಳಲ್ಲಿ ಇರುವುದು. ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಲೆನ್ಸು ಒರೆಸುವ ಆ ಮೆತ್ತನೆಯ ಬಟ್ಟೆಯಲ್ಲಿ ಮಾತ್ರ ಕಟ್ಟಿಡಬೇಡಿ. ಅದರಲ್ಲಿ ನಾನು ನಿನ್ನೆ ಕಾವಲಿ ಇಳಿಸಿದ್ದೇನೆ.